ಬಸುರಿಯ ಬಿ.ಪಿ. ಮತ್ತು ತಿಂಗಳು ತುಂಬದ ಮಗುವಿನ ಕಣ್ಣು

ಗರ್ಭಿಣಿಗೆ 20 ವಾರ ಕಳೆದ ಮೇಲೆ ರಕ್ತದೊತ್ತಡ 140/90 ಮುಟ್ಟಿದರೆ ವೈದ್ಯರು ಎಚ್ಚರವಾಗುತ್ತಾರೆ. ಜೊತೆಗೆ ಮೂತ್ರದಲ್ಲಿ ಪ್ರೋಟೀನ್, ಬಿಡದ ತಲೆನೋವು, ಕಣ್ಣು ಮಂಜಾಗುವುದು ಕಂಡರೆ ಪ್ರಿ-ಎಕ್ಲಾಂಪ್ಸಿಯಾ ಇರಬಹುದು. ಅದು ವಿಕೋಪಕ್ಕೆ ಹೋದರೆ ತಾಯಿಯ ಜೀವ ಉಳಿಸಲು ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುತ್ತದೆ. ಹೀಗೆ ಹುಟ್ಟಿದ ಮಗುವಿನ ತೂಕದ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ, ಕಣ್ಣಿನ ಬಗ್ಗೆ ಕೇಳುವವರು ಕಡಿಮೆ.

ಕಣ್ಣಿನ ಒಳಗಿನ ರೆಟಿನಾ ಎಂಬ ಪರದೆಗೆ ರಕ್ತನಾಳಗಳು ಗರ್ಭದ ನಾಲ್ಕನೇ ತಿಂಗಳಿಂದ ಬೆಳೆಯತೊಡಗಿ, ದಿನ ತುಂಬುವ ಹೊತ್ತಿಗೆ ಅಂಚು ಮುಟ್ಟುತ್ತವೆ. ಏಳನೇ ತಿಂಗಳಿಗೇ ಹುಟ್ಟಿದ ಮಗುವಿನಲ್ಲಿ ಈ ಕೆಲಸ ಅರ್ಧಕ್ಕೆ ನಿಂತಿರುತ್ತದೆ. ಉಸಿರಾಟಕ್ಕೆ ಕೊಡುವ ಆಮ್ಲಜನಕ ಅಗತ್ಯಕ್ಕಿಂತ ಹೆಚ್ಚಾದರೆ ಬೆಳವಣಿಗೆ ಇನ್ನೂ ತಡೆಯುತ್ತದೆ. ಕೆಲವು ವಾರಗಳ ನಂತರ ಅಡ್ಡಾದಿಡ್ಡಿಯಾಗಿ ಹೊಸ ನಾಳಗಳು ಹುಟ್ಟಿಕೊಳ್ಳುತ್ತವೆ. ಅವು ಪರದೆಯನ್ನೇ ಎಳೆದು ಕಿತ್ತರೆ ದೃಷ್ಟಿ ಹೋದಂತೆಯೇ. ಇದಕ್ಕೆ ಆರ್.ಒ.ಪಿ. ಎನ್ನುತ್ತಾರೆ.

ಇದಕ್ಕೆ ತಾಯಿಯ ಬಿ.ಪಿ.ಯೇ ನೇರ ಕಾರಣವೇ? ಅಪಾಯ ಹೆಚ್ಚು ಎಂದ ಅಧ್ಯಯನಗಳೂ ಇವೆ, ಕಡಿಮೆ ಎಂದವೂ ಇವೆ, ಸಂಬಂಧವೇ ಇಲ್ಲ ಎಂದವೂ ಇವೆ. ಖಚಿತವಾಗಿರುವುದು ಇಷ್ಟು: ಮಗು ಎಷ್ಟು ಬೇಗ ಹುಟ್ಟಿತೋ, ತೂಕ ಎಷ್ಟು ಕಡಿಮೆಯೋ, ಅಪಾಯ ಅಷ್ಟು ಹೆಚ್ಚು. ಆದ್ದರಿಂದ ಹಪ್ಪಳ, ಉಪ್ಪಿನಕಾಯಿ ತಿಂದಿದ್ದಕ್ಕೆ ಹೀಗಾಯಿತು ಎಂದು ಸೊಸೆಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಭಾರತದಲ್ಲಿ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಹುಟ್ಟಿದ 30 ದಿನದೊಳಗೆ ರೆಟಿನಾ ತಪಾಸಣೆ ಆಗಲೇಬೇಕು. 28 ವಾರಕ್ಕೂ ಮೊದಲು ಹುಟ್ಟಿದವರಿಗೆ, 1,200 ಗ್ರಾಂಗಿಂತ ಕಡಿಮೆ ಇರುವವರಿಗೆ ಎರಡು-ಮೂರು ವಾರದಲ್ಲೇ. ತೊಡಕಿರುವುದು ಇಲ್ಲಿಯೇ. ಅನೇಕ ಮನೆಗಳಲ್ಲಿ 40 ದಿನದವರೆಗೆ ಬಾಣಂತಿ, ಮಗು ಹೊಸಿಲು ದಾಟುವುದಿಲ್ಲ. "ಮಗು ಚೆನ್ನಾಗಿ ಕಣ್ಣು ಬಿಡುತ್ತದೆ, ಇನ್ನೇನು ಪರೀಕ್ಷೆ?" ಎನ್ನುವ ಹಿರಿಯರೂ ಉಂಟು. ಆದರೆ ಈ ರೋಗ ಶುರುವಿನಲ್ಲಿ ಹೊರಗಿನಿಂದ ಕಾಣುವುದೇ ಇಲ್ಲ. ಕಂಡಾಗ ಹೆಚ್ಚಾಗಿ ಕಾಲ ಮಿಂಚಿರುತ್ತದೆ.

ತಪಾಸಣೆಗೆ ಕಣ್ಣಿಗೆ ಹನಿ ಹಾಕಿ ಪಾಪೆ ಅಗಲಿಸುತ್ತಾರೆ. ನೋಡುವುದಕ್ಕೆ ಕೆಲವೇ ನಿಮಿಷ. ಒಂದು ಸಲ ಸರಿಯಿದೆ ಎಂದರೂ ನಾಳಗಳು ಪೂರ್ತಿ ಬೆಳೆಯುವವರೆಗೆ ಹೇಳಿದ ದಿನ ಮತ್ತೆ ಹೋಗಬೇಕು. ರೋಗ ಮುಂದುವರಿದಿದ್ದರೆ ಲೇಸರ್ ಅಥವಾ ಕಣ್ಣೊಳಗೆ ಇಂಜೆಕ್ಷನ್ ಕೊಡುತ್ತಾರೆ, ಅದೂ ಎರಡು-ಮೂರು ದಿನದೊಳಗೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹಿಡಿದು ಜಿಲ್ಲೆಗಳ ಆಸ್ಪತ್ರೆಗಳಿಗೇ ಹೋಗಿ ಚಿತ್ರ ತೆಗೆದು ತಜ್ಞರಿಗೆ ಕಳಿಸುತ್ತಾರೆ.

ಆಸ್ಪತ್ರೆಯಿಂದ ಮನೆಗೆ ಹೊರಡುವಾಗಲೇ ಡಿಸ್ಚಾರ್ಜ್ ಚೀಟಿಯಲ್ಲಿ ಕಣ್ಣಿನ ತಪಾಸಣೆಯ ದಿನಾಂಕ ಬರೆಸಿಕೊಳ್ಳಿ. ಬಾಣಂತನ ಬೇರೆ ಊರಿನ ತವರಿನಲ್ಲಾದರೆ, ಅಲ್ಲಿಗೆ ಹತ್ತಿರ ಎಲ್ಲಿ ತೋರಿಸಬೇಕು ಎಂಬುದನ್ನೂ ಆಗಲೇ ಕೇಳಿ.