ಗಂಡ-ಹೆಂಡತಿ ಒಂದೇ ಪಕ್ಷ!

“ಆಟವೆಲ್ಲ ಮಕ್ಕಳಿಗೆ, ನಮಗ್ಯಾಕೆ?” ಎನ್ನುವಿರಾ? ಮಗ ಹಾಸ್ಟೆಲಿಗೆ ಹೋದ ಮೇಲೆ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಊಟದೊಂದಿಗೆ ಮಾತೂ ಮುಗಿಯುತ್ತಿತ್ತು. ಒಂದು ರಾತ್ರಿ ಅವನು ಬಿಟ್ಟುಹೋದ ವಿಡಿಯೊ ಗೇಮ್ ಹಾಕಿಕೊಂಡು ಇವರೂ ನಾನೂ ಟೀವಿ ಮುಂದೆ ಕುಳಿತೆವು.

2005ರಲ್ಲಿ ಬಂದ ‘ಲೆಗೊ ಸ್ಟಾರ್ ವಾರ್ಸ್’, 2010ರ ‘ಲೆಗೊ ಹ್ಯಾರಿ ಪಾಟರ್’ ಇಂಥವು, ಹೆಸರಾಂತ ಚಿತ್ರಗಳ ಕಥೆಯನ್ನು ಅನುಮತಿ ಪಡೆದು ಪುಟ್ಟ ಗೊಂಬೆಗಳಿಂದ ಆಡಿಸುವ ಆಟಗಳು. ರಕ್ತಪಾತವಿಲ್ಲ. ಪೆಟ್ಟು ತಿಂದ ಗೊಂಬೆ ಬಿಡಿಬಿಡಿಯಾಗಿ ಉದುರುತ್ತದೆ, ಕೂಡಿಟ್ಟ ಬಿಲ್ಲೆಗಳು ಒಂದಿಷ್ಟು ಚೆಲ್ಲುತ್ತವೆ. ಮರುಕ್ಷಣ ಎದ್ದು ನಿಲ್ಲುತ್ತದೆ. ಇಬ್ಬರೂ ಒಂದೇ ಪಕ್ಷ. ಒಬ್ಬರಿಗೊಬ್ಬರು ನೆರವಾಗಿಯೇ ಮುಂದೆ ಸಾಗಬೇಕು.

“ನಿಂಗೆ ಬರೋಲ್ಲ, ಕೊಡು ಇಲ್ಲಿ” ಎಂದು ಇವರು ಕೈ ಚಾಚಿದರು. ನಾನು ಕೊಡಲಿಲ್ಲ. ಮೂರು ಸಲ ಬಿದ್ದೆ. ನಾಲ್ಕನೆಯ ಸಲ ಬಿದ್ದವರು ಇವರೇ! ಇಬ್ಬರೂ ಹಾಗೆ ನಕ್ಕು ಎಷ್ಟು ದಿನವಾಗಿತ್ತೋ!

ನಿಮಗೂ ಎರಡು ಕಿವಿಮಾತು: ಕೊಳ್ಳುವ ಮುನ್ನ ಒಂದೇ ಟೀವಿಯಲ್ಲಿ ಇಬ್ಬರು ಆಡಬಹುದೇ ಎಂದು ಕೇಳಿ, ಎರಡು ಕಂಟ್ರೋಲರ್ ಬೇಕು. ಅರ್ಧ ಗಂಟೆ ಸಾಕು. ತಪ್ಪಿದವರನ್ನು ಮಾತ್ರ ಬೈಯಕೂಡದು.

ಮೊನ್ನೆ ನಮ್ಮಲ್ಲಿ ಹಾಲುಕ್ಕಿ ಒಲೆಯೆಲ್ಲ ಹರಿಯಿತು. ಇವರು ಗದರಲಿಲ್ಲ; ಒರೆಸುವ ಬಟ್ಟೆ ಹಿಡಿದು ಬಂದರು.