ರೂಪ ಬದಲಿಸುವವನ ನಿಷ್ಠೆ: ‘ಕನ್ಸಿಡರ್ ಫ್ಲೀಬಸ್’

‘ಸ್ಪೇಸ್ ಒಪೆರಾ’ ಎಂಬ ಹೆಸರಿಗೂ ಸಂಗೀತ ನಾಟಕಕ್ಕೂ ನೇರ ಸಂಬಂಧವಿಲ್ಲ. ಅಮೆರಿಕದ ಲೇಖಕ ವಿಲ್ಸನ್ ಟಕ್ಕರ್ 1941ರಲ್ಲಿ ರೇಡಿಯೊ ಧಾರಾವಾಹಿಗಳಿಗಿದ್ದ ‘ಸೋಪ್ ಒಪೆರಾ’ ಎಂಬ ಹೆಸರನ್ನು ಅನುಸರಿಸಿ, ಸವಕಲು ಅಂತರಿಕ್ಷ ಸಾಹಸಕಥೆಗಳನ್ನು ಹಳಿಯಲು ಈ ಪದವನ್ನು ಬಳಸಿದನು. ನಿಂದೆಯಾಗಿ ಹುಟ್ಟಿದ ಪದಕ್ಕೆ ಮುಂದೆ ಗೌರವ ತಂದ ಕೃತಿಗಳಲ್ಲಿ, ಸ್ಕಾಟ್ಲೆಂಡಿನ ಇಯಾನ್ ಎಂ. ಬ್ಯಾಂಕ್ಸ್ (1954–2013) 1987ರಲ್ಲಿ ಪ್ರಕಟಿಸಿದ ‘ಕನ್ಸಿಡರ್ ಫ್ಲೀಬಸ್’ ಕಾದಂಬರಿಯೂ ಒಂದು. ಶೀರ್ಷಿಕೆ ಟಿ.ಎಸ್. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ ಕವಿತೆಯದು; ಫ್ಲೀಬಸ್ ಅಲ್ಲಿ ನೀರಿನಲ್ಲಿ ಮುಳುಗಿ ಸತ್ತ ನಾವಿಕ.

ಕಾದಂಬರಿಯಲ್ಲಿ ಎರಡು ಮಹಾಶಕ್ತಿಗಳ ನಡುವೆ ಯುದ್ಧ ನಡೆದಿದೆ. ಒಂದು ‘ಕಲ್ಚರ್’: ಬಡತನವನ್ನು ನೀಗಿಕೊಂಡ, ‘ಮೈಂಡ್’ ಎಂಬ ಯಂತ್ರಬುದ್ಧಿಗಳು ನಡೆಸುವ ಸುಖೀ ಸಮಾಜ. ಇನ್ನೊಂದು ಇಡಿರನ್ ಜನಾಂಗ: ಮೂರು ಕಾಲುಗಳ, ಧರ್ಮನಿಷ್ಠ ಯೋಧರು. ಕಥಾನಾಯಕ ಹೋರ್ಜಾ ಬೇರೆಯವರ ರೂಪ ತಾಳಬಲ್ಲ ‘ಚೇಂಜರ್’ ಕುಲದವನು, ಇಡಿರನ್ನರ ಗೂಢಚಾರ. ಅವರ ದೇವರಲ್ಲಿ ಅವನಿಗೆ ನಂಬಿಕೆಯಿಲ್ಲ. ಯಂತ್ರಗಳ ಆಳ್ವಿಕೆಗಿಂತ ಜೀವವಿರುವವರ ಪಕ್ಷವೇ ಮೇಲೆಂಬುದು ಅವನ ನಿಲುವು. ಶಾರ್ಸ್ ವರ್ಲ್ಡ್ ಎಂಬ ನಿಷಿದ್ಧ ಗ್ರಹದಲ್ಲಿ ಅಡಗಿರುವ ಒಂದು ಮೈಂಡ್ ಅನ್ನು ಸೆರೆಹಿಡಿಯುವುದು ಅವನ ಕೆಲಸ. ಅವನಿಗೆ ಎದುರಾಗಿ ನಿಂತವಳು ಕಲ್ಚರ್‌ನ ಗೂಢಚಾರಿಣಿ ಬಾಲ್ವೇಡಾ.

ಗೂಢಚಾರರ ಕಥೆಗಳಲ್ಲಿ ಸಾಮಾನ್ಯವಾಗಿ ದ್ರೋಹಿ ಯಾರೆಂಬುದೇ ರಹಸ್ಯ. ಇಲ್ಲಿ ಹೋರ್ಜಾ ದ್ರೋಹಿಯಲ್ಲ. ಮುಖ ಬದಲಿಸಿದರೂ ಪಕ್ಷ ಬದಲಿಸುವುದಿಲ್ಲ. ಅವನ ದುರಂತದ ಬೇರು ಇರುವುದೂ ಅಲ್ಲಿಯೇ. ಆ ಗ್ರಹದಲ್ಲಿದ್ದ ಅವನ ಸ್ವಂತ ಕುಲದವರನ್ನು, ಮೊದಲೇ ಅಲ್ಲಿಗೆ ಬಂದಿಳಿದ ಇಡಿರನ್ ಸೈನಿಕರೇ ಕೊಂದಿರುತ್ತಾರೆ. ಅವನು ಮಿತ್ರನೆಂಬುದನ್ನೂ ಅವರು ಒಪ್ಪುವುದಿಲ್ಲ. ಅವನ ಮಗುವನ್ನು ಗರ್ಭದಲ್ಲಿ ಹೊತ್ತ ಯಾಲ್ಸನ್ ಸಾಯುತ್ತಾಳೆ. ಕೊನೆಗೆ ಇಡಿರನ್ನನೊಬ್ಬನ ಕೈಯಲ್ಲೇ ಹೋರ್ಜಾ ಮಾರಣಾಂತಿಕವಾಗಿ ಗಾಯಗೊಳ್ಳುತ್ತಾನೆ. ಆ ಇಡಿರನ್ನನನ್ನು ಕೊಂದು ಇವನ ಪ್ರಾಣ ಉಳಿಸಲು ಹೆಣಗುವವಳು ಶತ್ರುವಾದ ಬಾಲ್ವೇಡಾ. ಅವಳ ಯತ್ನ ಫಲಿಸುವುದಿಲ್ಲ.

ಕಲ್ಚರ್ ಕುರಿತು ಬ್ಯಾಂಕ್ಸ್ ಬರೆದ ಕಾದಂಬರಿಗಳಲ್ಲಿ ಇದೇ ಮೊದಲು ಪ್ರಕಟವಾದದ್ದು. ತಾನು ಕಲ್ಪಿಸಿದ ಆದರ್ಶ ಸಮಾಜವನ್ನು ಅದರ ವೈರಿಯ ಕಣ್ಣಿನಿಂದ ಮೊದಲು ತೋರಿಸಿದ್ದು ಗಮನಾರ್ಹ. ಓದುಗ ಹೋರ್ಜಾನ ಜೊತೆ ನಡೆಯುತ್ತಾನೆ, ಆದರೆ ಅವನ ಪಕ್ಷವನ್ನು ಒಪ್ಪಲಾರ. ಇಬ್ಬಗೆಯ ನಿಷ್ಠೆ ಓದುಗನದೂ ಆಗುತ್ತದೆ. ಅನುಬಂಧದಲ್ಲಿ ಯುದ್ಧದ ಲೆಕ್ಕವಿದೆ: ಅವಧಿ 48 ವರ್ಷ, ಸತ್ತವರು ಸುಮಾರು 85,140 ಕೋಟಿ. ಮುಂದಿನ ಕಾಲದ ಚರಿತ್ರೆಕಾರರಿಗೆ ಅದು ಚಿಕ್ಕ ಯುದ್ಧ. ಈ ಲೆಕ್ಕದಲ್ಲಿ ಹೋರ್ಜಾನಿಗೆ ಯಾವ ಸ್ಥಾನವೂ ಇಲ್ಲ. ಅವನ ಹೆಸರು ಉಳಿಯುವುದು ಒಂದೇ ಕಡೆ: ಅವನು ಹಿಡಿಯಲು ಹೋದ ಆ ಮೈಂಡ್, ಅದೇ ಹೆಸರನ್ನು ತಾನು ಇಟ್ಟುಕೊಳ್ಳುತ್ತದೆ.