ಎರೆಮಣ್ಣಿನ ಹಿತ್ತಿಲಲ್ಲಿ ಎರಡು ಮಡಿ

ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಎರಡು ಮಡಿ. ಕಾಯಿಪಲ್ಲೆ ಬೆಳೆದು ರೂಢಿಯಿಲ್ಲದವರಿಗೆ ಮೊದಲ ವರ್ಷ ಇಷ್ಟು ಸಾಕು. ಹುರುಪಿನಲ್ಲಿ ಅರ್ಧ ಗುಂಟೆ ಅಗೆದು ಹತ್ತಾರು ಬಗೆ ಬಿತ್ತಿದವರ ಹಿತ್ತಿಲು ಎರಡನೆಯ ತಿಂಗಳಿಗೆ ಕಸದ ಪಾಲಾಗುವುದೇ ಹೆಚ್ಚು. ಎರಡೇ ಮಡಿಯಾದರೆ ಬೆಳಗಿನ ಚಹಾದ ಹೊತ್ತಿಗೆ ಕಸ ಕಿತ್ತು, ನೀರು ಹಾಕಿ ಮುಗಿಯುತ್ತದೆ. ನಾಲ್ಕು ಅಡಿ ಅಗಲಕ್ಕೂ ಕಾರಣವಿದೆ: ಎರಡೂ ಬದಿಯಿಂದ ಚಾಚಿದ ಕೈ ನಡುವಿನವರೆಗೆ ಮುಟ್ಟುತ್ತದೆ, ಮಡಿಯೊಳಗೆ ಕಾಲಿಡುವ ಪ್ರಸಂಗ ಬರುವುದಿಲ್ಲ. ಹಸಿ ಇದ್ದಾಗ ತುಳಿದ ಎರೆಮಣ್ಣು ಒಣಗಿದ ಮೇಲೆ ಇಟ್ಟಂಗಿಯಾಗುತ್ತದೆ.

ಈ ಮಾತು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಿತ್ತಿಲುಗಳದ್ದು. ನಾಲ್ಕೂ ವಿಜಯಪುರ ಜಿಲ್ಲೆಯ ತಾಲ್ಲೂಕುಗಳು. ಕೃಷಿ ಹವಾಮಾನದ ವಿಂಗಡಣೆಯಲ್ಲಿ ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿದವು. ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಸುತ್ತಮುತ್ತ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಉಪ್ಪುನೀರಿನ ಡೋಣಿ. ಕೈತೋಟದ ಕೈಪಿಡಿಗಳು ಹೇಳುವ ಮಾತು ಬಹುಮಟ್ಟಿಗೆ ಮಲೆನಾಡು, ಕರಾವಳಿ, ಇಲ್ಲವೇ ಬೆಂಗಳೂರು ಕಡೆಯ ಕೆಂಪುಮಣ್ಣಿಗೆ ಹೊಂದಿದ್ದು. ಮಣ್ಣಿಗೆ ಸುಣ್ಣ ಬೆರೆಸಿ, ಒಲೆಯ ಬೂದಿ ಚೆಲ್ಲಿ ಎಂಬ ಸಲಹೆ ಅಲ್ಲಿ ಸರಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಅದನ್ನೇ ಪಾಲಿಸಿದರೆ ಗಿಡ ಸೊರಗುತ್ತದೆ. ಆದ್ದರಿಂದ ಇಲ್ಲಿ ತೋಟ ಶುರುವಾಗಬೇಕಾದದ್ದು ಬೀಜದಿಂದಲ್ಲ, ಮಣ್ಣಿನಿಂದ.

ಎರೆಮಣ್ಣು ದಖ್ಖನ್ನಿನ ಕಪ್ಪು ಲಾವಾ ಕಲ್ಲು ಸವೆದು ಆದದ್ದು. ಅದರ ಜಿಗುಟಿಗೆ ಕಾರಣ ಸ್ಮೆಕ್ಟೈಟ್ ಎಂಬ ಖನಿಜ. ಸೂಕ್ಷ್ಮದರ್ಶಕಕ್ಕೂ ಸುಲಭವಾಗಿ ಸಿಕ್ಕದಷ್ಟು ಸಣ್ಣ ಹಾಳೆಗಳು ಕಡಕ್ ರೊಟ್ಟಿಯ ಅಟ್ಟಿಯಂತೆ ಒಂದರ ಮೇಲೊಂದು ಕೂತಿರುತ್ತವೆ. ನೀರು ಬಿದ್ದರೆ ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಒಣಗಿದರೆ ಹಾಳೆಗಳು ಮತ್ತೆ ಅಂಟಿಕೊಂಡು ಮಣ್ಣು ಕುಗ್ಗುತ್ತದೆ, ನೆಲ ಬಿರಿಯುತ್ತದೆ. ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು ಬೀಳುವುದು ಈ ಕುಗ್ಗುವಿಕೆಯಿಂದಲೇ. ಒಣಗಿದ ನೆಲಕ್ಕೆ ಬಿದ್ದ ಮೊದಲ ಮಳೆ ಬಿರುಕಿನೊಳಗೆ ಸರಸರ ಇಳಿಯುತ್ತದೆ. ಒಮ್ಮೆ ಮಣ್ಣು ಉಬ್ಬಿ ಬಿರುಕು ಮುಚ್ಚಿತೆಂದರೆ ಆಮೇಲಿನ ನೀರು ಮೇಲೆಯೇ ನಿಲ್ಲುತ್ತದೆ. ಬೇರಿಗೂ ಗಾಳಿ ಬೇಕು. ನಿಂತ ನೀರಿನಲ್ಲಿ ಎರಡು ಮೂರು ದಿನ ಕಳೆದ ಮೆಣಸಿನ ಸಸಿ ಹಳದಿಯಾಗಿ ತಲೆ ಬಾಗಿಸುತ್ತದೆ, ನೋಡಿದವರು ನೀರು ಸಾಲದೆಂದು ಮತ್ತೊಂದು ಕೊಡ ಸುರಿಯುತ್ತಾರೆ.

ಇದಕ್ಕೆ ಅಗ್ಗದ ಪರಿಹಾರ ಮಡಿಯನ್ನು ಅರ್ಧ ಅಡಿ ಏರಿಸುವುದು. ಸುತ್ತ ಒಂದು ಅಡಿ ಅಗಲದ ಕಾಲುದಾರಿ ತೋಡಿ, ಆ ಮಣ್ಣನ್ನೇ ಮಡಿಯ ಮೇಲೆ ಹಾಕಿದರೆ ಆಯಿತು. ಹೆಚ್ಚಾದ ನೀರು ದಾರಿಗಿಳಿದು ಹರಿಯುತ್ತದೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ 1970ರ ದಶಕದಲ್ಲಿ ಎರೆಭೂಮಿಗೆಂದು ರೂಪಿಸಿದ ಅಗಲ ಮಡಿ, ಬೋದಿನ ಪದ್ಧತಿಯ ಹಿಂದೆಯೂ ಇದೇ ತತ್ವವಿದೆ. ಅಗೆಯುವ ದಿನವನ್ನು ಮಾತ್ರ ಕ್ಯಾಲೆಂಡರ್ ನೋಡಿ ಗೊತ್ತುಮಾಡಬಾರದು, ಹದ ನೋಡಬೇಕು. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಹಿಚುಕಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಒತ್ತಿದಾಗ ಉದುರಿದರೆ ಹದ ಬಂದಿದೆ. ಉದುರದೆ ಚಪ್ಪಟೆಯಾದರೆ ಇನ್ನೂ ಹಸಿ. ಉಂಡೆಯೇ ಆಗದಿದ್ದರೆ ಹದ ದಾಟಿದೆ, ಗುದ್ದಲಿ ಹಾಕಿದರೆ ಹೆಂಟೆ ಏಳುತ್ತದೆ.

ಎರಡನೆಯ ಸಮಸ್ಯೆ ಕಣ್ಣಿಗೆ ಕಾಣದ್ದು. ಇಲ್ಲಿಯ ಮಣ್ಣು ಕ್ಷಾರೀಯ. ರಸಸಾರ ಸಾಮಾನ್ಯವಾಗಿ 8ರ ಮೇಲಿರುತ್ತದೆ. ಅಗೆದಾಗ ಸಿಗುವ ಬಿಳಿ ಹರಳುಗಳು ಸುಣ್ಣದವು. ಮೊದಲು ಮುದ್ದೇಬಿಹಾಳ ತಾಲ್ಲೂಕಿನಲ್ಲಿದ್ದ ತಾಳಿಕೋಟೆಯ ಸುತ್ತಲಂತೂ ನೆಲದಡಿಯಲ್ಲೇ ಸುಣ್ಣಗಲ್ಲು. ಇಂಥ ಮಣ್ಣಿನಲ್ಲಿ ಕಬ್ಬಿಣ, ಸತು ಇದ್ದರೂ ಬೇರು ಹೀರಲಾಗದ ರೂಪದಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಗುರುತು ಹಿಡಿಯುವುದು ಸುಲಭ: ಎಳೆಯ ಎಲೆ ಹಳದಿ ತಿರುಗುತ್ತದೆ, ಆದರೆ ನರಗಳು ಹಸಿರಾಗಿಯೇ ಉಳಿದು ಬಲೆ ನೇಯ್ದಂತೆ ಕಾಣುತ್ತವೆ. ಹಳೆಯ ಎಲೆಗಳು ಹಳದಿಯಾದರೆ ಅದು ಬಹುಪಾಲು ಸಾರಜನಕದ ಕೊರತೆ, ಎಳೆಯವು ಬಿಳಚಿದರೆ ಕಬ್ಬಿಣದ್ದು. ಲಿಂಬೆ ಜಾತಿಯ ಗಿಡಗಳಲ್ಲಿ ಇದು ಬೇಗ ಕಾಣಿಸುವುದರಿಂದ ಇಂಡಿ ಭಾಗದ ಲಿಂಬೆ ಬೆಳೆಗಾರರಿಗೆ ಹೊಸದೇನಲ್ಲ. ಇಂಥ ಮಣ್ಣಿಗೆ ಸುಣ್ಣವನ್ನೋ ಬೂದಿಯನ್ನೋ ಸುರಿದರೆ ಕ್ಷಾರ ಇನ್ನೂ ಏರುತ್ತದೆ. ಬೇಕಾದದ್ದು ಕೊಳೆತ ತಿಪ್ಪೆಗೊಬ್ಬರ. ಅದು ಕೊಳೆಯುತ್ತ ಬಿಡುವ ಸಾವಯವ ಆಮ್ಲಗಳು ಕಬ್ಬಿಣದ ಕಣಗಳನ್ನು ಹಿಡಿದು ಬೇರಿನ ಬಳಿ ತಲುಪಿಸುತ್ತವೆ, ಜಿಗುಟು ಮಣ್ಣನ್ನು ಕಾಳುಕಾಳಾಗಿಸುತ್ತವೆ. ಚದರ ಮೀಟರಿಗೆ ಎರಡೂವರೆ ಕಿಲೋ, ಅಂದರೆ ಒಂದು ಮಡಿಗೆ ಸುಮಾರು 10 ಕಿಲೋ, ಒಂದು ಬುಟ್ಟಿ. ಹಸಿ ಸಗಣಿ ಬೇಡ. ಅದರ ಜೊತೆ ಗೊಣ್ಣೆಹುಳವೂ ಕಸದ ಬೀಜವೂ ಬರುತ್ತವೆ. ಕೈಗೆ ಅಂಟದ, ವಾಸನೆ ಹೋದ, ಕರಿ ಪುಡಿಯಂಥ ಗೊಬ್ಬರವೇ ಒಳ್ಳೆಯದು. ಸಂದೇಹವಿದ್ದವರು ಇಂಡಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಬಹುದು.

ನೀರಿನ ವಿಷಯದಲ್ಲಿ ಅಂಜಿಕೆ ಹೆಚ್ಚು, ಲೆಕ್ಕ ಕಡಿಮೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಸರಿಯಾಗಿ ಒಂದು ಲೀಟರ್. ಚಳಿಗಾಲದಲ್ಲಿ ಗಿಡ, ಮಣ್ಣು ಸೇರಿ ದಿನಕ್ಕೆ ಸುಮಾರು 4 ಮಿಲಿಮೀಟರ್ ನೀರು ಆವಿಯಾಗಿ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇದು ಏಳೆಂಟಕ್ಕೆ ಏರುತ್ತದೆ. ಒಂದು ಮಡಿಯ ವಿಸ್ತೀರ್ಣ ಸುಮಾರು 3.7 ಚದರ ಮೀಟರ್. ಹಾಗಾದರೆ ಚಳಿಗಾಲದಲ್ಲಿ ಒಂದು ಮಡಿಗೆ ದಿನಕ್ಕೆ 15 ಲೀಟರ್, ಒಂದು ಕೊಡ. ಬೇಸಗೆಯಲ್ಲಿ ಎರಡು ಕೊಡ. ಎರೆಮಣ್ಣು ನೀರು ಹಿಡಿದಿಡುವುದರಿಂದ ದಿನಾಲೂ ಹಾಕಬೇಕೆಂದಿಲ್ಲ, ಮೂರು ದಿನಕ್ಕೊಮ್ಮೆ ಮೂರು ಕೊಡ ಹಾಕಿದರೆ ಬೇರು ಆಳಕ್ಕೂ ಇಳಿಯುತ್ತದೆ. ಐದು ಜನರ ಮನೆಯಲ್ಲಿ ಸ್ನಾನಕ್ಕೆ ದಿನಕ್ಕೆ 75 ಲೀಟರಾದರೂ ಖರ್ಚಾಗುತ್ತದೆ. ಎರಡು ಮಡಿಗೆ ಬೇಕಾದದ್ದಕ್ಕಿಂತ ಹೆಚ್ಚು ನೀರು ಬಚ್ಚಲ ಮೋರಿಯಲ್ಲಿ ಹರಿದುಹೋಗುತ್ತಿದೆ.

ಆದರೆ ಬಚ್ಚಲ ನೀರೆಲ್ಲ ಒಂದೇ ಅಲ್ಲ. ಬಟ್ಟೆ ಒಗೆಯುವ ಪುಡಿಯಲ್ಲಿ ಸೋಡಿಯಂ ಲವಣ ಹೇರಳ. ಸೋಡಿಯಂ ಸೇರಿದರೆ ಎರೆಮಣ್ಣಿನ ಕಣಗಳು ಒಂದಕ್ಕೊಂದು ಅಂಟದೆ ಚೆದುರಿ, ಸಂದುಗಳನ್ನೆಲ್ಲ ಮುಚ್ಚಿ, ನೀರೂ ಗಾಳಿಯೂ ಇಳಿಯದ ಹೆಪ್ಪಾಗುತ್ತವೆ. ಪುಡಿಯ ನೊರೆ ನೀರು ತೋಟಕ್ಕೆ ಬೇಡವೇ ಬೇಡ. ಸ್ನಾನದ ನೀರು, ಅಕ್ಕಿ ಬೇಳೆ ತೊಳೆದ ನೀರು ನಡೆಯುತ್ತದೆ; ಸ್ನಾನದ ನೀರನ್ನು ಹೀರೆ, ಬದನೆ, ಕರಿಬೇವಿನ ಬುಡಕ್ಕೆ ಹಾಕಿ, ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಸಿಹಿನೀರು ಮೀಸಲಿಡುವುದು ಲೇಸು. ಡೋಣಿ ದಂಡೆಯ ಊರುಗಳಲ್ಲೂ ಕೆಲವು ಕೊಳವೆಬಾವಿಗಳಲ್ಲೂ ನೀರೇ ಉಪ್ಪು. ಅಲ್ಲಿ ಮಡಿ ಒಣಗಿದಾಗ ಅಂಚಿನಲ್ಲಿ ಬಿಳಿ ಹುಡಿ ಏಳುತ್ತದೆ. ಗಜ್ಜರಿ, ಉಳ್ಳಾಗಡ್ಡಿ, ಬೀನ್ಸ್ ಉಪ್ಪು ತಾಳವು. ಚವಳಿಕಾಯಿ, ಬೀಟ್‌ರೂಟ್ ತಾಳುತ್ತವೆ.

ಹಾಕಿದ ನೀರು ಆರದಂತೆ ಕಾಯಲು ಹೊದಿಕೆ ಬೇಕು. ಕಬ್ಬಿನ ರವದಿ, ತೊಗರಿ ಹೊಟ್ಟು, ತುಂಡು ಮಾಡಿದ ಕಣಿಕೆ, ಸಿಕ್ಕಿದ್ದನ್ನು ಎರಡು ಇಂಚು ದಪ್ಪ ಹರಡಬೇಕು. ಹೊದಿಕೆ ಸಿಗದಿದ್ದರೆ ಬಿಳಿಜೋಳದ ರೈತರು ಮಾಡುವುದನ್ನೇ ಮಾಡಬಹುದು. ಹಿಂಗಾರಿನಲ್ಲಿ ಅವರು ಎಡೆಕುಂಟೆ ಹೊಡೆಯುವುದು ಕಸಕ್ಕಷ್ಟೇ ಅಲ್ಲ. ಮೇಲಿನ ಎರಡು ಇಂಚು ಪುಡಿಯಾಗಿ ಬಿರುಕಿಗೆ ತುಂಬಿಕೊಂಡು ಒಳಗಿನ ತೇವ ಆವಿಯಾಗುವ ದಾರಿಯನ್ನು ಮುಚ್ಚುತ್ತದೆ. ಹಿತ್ತಿಲಲ್ಲಿ ಆ ಕೆಲಸ ಕುರ್ಪಿಯಿಂದ ಆಗುತ್ತದೆ.

ಶುರುಮಾಡಲು ಹೇಳಿಮಾಡಿಸಿದ ಕಾಲ ಹಿಂಗಾರು. ಮೃಗಶಿರಾ ಮಳೆ ಬಿದ್ದೊಡನೆ ಬಿತ್ತುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಹೊಸಬರಿಗೆ ಮುಂಗಾರು ಕಷ್ಟ: ಮಳೆ ಕೈಕೊಡುತ್ತದೆ, ಬಂದರೆ ಕಸ ಮೊದಲು ಏಳುತ್ತದೆ. ಉತ್ತರಾ, ಹಸ್ತಾ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಊರೆಲ್ಲ ಜೋಳ ಬಿತ್ತುವಾಗಲೇ ಹಿತ್ತಿಲಲ್ಲೂ ಬಿತ್ತಿದರೆ ಮಣ್ಣಿನಲ್ಲಿ ತೇವವಿರುತ್ತದೆ, ಬಿಸಿಲು ಇಳಿದಿರುತ್ತದೆ. ಟೊಮ್ಯಾಟೊ ಮಟ್ಟಿಗೆ ಇದು ಅನಿವಾರ್ಯವೂ ಹೌದು. ಹಗಲಿನ ತಾಪ 35 ಡಿಗ್ರಿ ದಾಟಿದರೆ ಅದರ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಆಗಸ್ಟ್ ಕೊನೆಗೆ ಸಸಿಮಡಿಯಲ್ಲಿ ಬಿತ್ತಿ ಸೆಪ್ಟೆಂಬರ್ ಕೊನೆಗೆ ನಾಟಿದ ಗಿಡ ತಂಪು ತಿಂಗಳುಗಳಲ್ಲಿ ಕಾಯಿ ಕಚ್ಚುತ್ತದೆ. ಪುಂಡಿಪಲ್ಲೆಯದು ಉಲ್ಟಾ. ಹಗಲು ಕಿರಿದಾದರೆ ಅದು ಎಲೆ ಬಿಟ್ಟು ಹೂವಿಗೆ ತಿರುಗುವುದರಿಂದ ಮುಂಗಾರಿನಲ್ಲೇ ಬಿತ್ತಬೇಕು.

ಮೊದಲ ಬೀಜಕ್ಕೆ ಅಂಗಡಿಗೆ ಹೋಗಬೇಕಿಲ್ಲ, ಅಡುಗೆಮನೆಯ ಡಬ್ಬಿಗಳಲ್ಲೇ ಮೆಂತೆ, ಹವೀಜ, ಬಳ್ಳೊಳ್ಳಿ ಇರುತ್ತವೆ. ಮೆಂತೆ ಮೂರು ನಾಲ್ಕು ದಿನಕ್ಕೆ ಮೊಳೆತು ತಿಂಗಳೊಳಗೆ ಕೀಳಲು ಬರುತ್ತದೆ. ಹವೀಜದ ಒಂದು ಕಾಳು ನಿಜಕ್ಕೂ ಎರಡು ಬೀಜಗಳ ಜೋಡಿ. ಚಪ್ಪಲಿಯ ಅಡಿಯಿಂದ ಹಗುರವಾಗಿ ತಿಕ್ಕಿ ಒಡೆದು, ಒಂದು ರಾತ್ರಿ ನೆನೆಸಿ ಬಿತ್ತಿದರೆ ಹತ್ತು ದಿನಕ್ಕೆ ಮೊಳಕೆ. ಇಡೀ ಕಾಳು ಬಿತ್ತಿ ಮೊಳೆಯದೆಂದು ಬೇಸತ್ತವರು ಬಹಳ. ಸಬ್ಬಸಗಿ, ರಾಜಗಿರಿ, ಪಾಲಕ, ಮೂಲಂಗಿ ಒಂದು ಮಡಿಗೆ ಸಾಕು. ಎಲ್ಲವನ್ನೂ ಒಂದೇ ದಿನ ಬಿತ್ತದೆ, ಹದಿನೈದು ದಿನಕ್ಕೊಮ್ಮೆ ಎರಡೆರಡು ಸಾಲು ಬಿತ್ತಿದರೆ ಪಲ್ಲೆ ಸರದಿಯಲ್ಲಿ ಬರುತ್ತದೆ. ಇನ್ನೊಂದು ಮಡಿಗೆ ನಾಲ್ಕು ಬದನೆ, ನಾಲ್ಕು ಟೊಮ್ಯಾಟೊ, ನಾಲ್ಕು ಮೆಣಸಿನಕಾಯಿ, ಅಂಚಿಗೆ ಚವಳಿ. ಬೆಂಡೆ ಚಳಿಗೆ ಸರಿಯಾಗಿ ಮೊಳೆಯದು. ಅದನ್ನು ಫೆಬ್ರುವರಿಗೆ ಇಟ್ಟುಕೊಳ್ಳಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿಯ ಬೆಂಡೆ ಸಂಕರ ಜಾತಿಯಲ್ಲ, ಅದರ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು.

ಬೀಜಕ್ಕಿಂತ ಮುಂಚೆ ಬೇಲಿ ಆಗಿರಬೇಕು. ಕೋಳಿ ಕೆದರಿದ ಮಡಿಯನ್ನು ಯಾವ ಗೊಬ್ಬರವೂ ಉಳಿಸದು. ತೊಗರಿ ಕಟ್ಟಿಗೆಯನ್ನು ಒತ್ತೊತ್ತಾಗಿ ನೆಟ್ಟು ಹೆಣೆದರೆ ಕಾಸು ಖರ್ಚಿಲ್ಲ, ಅದರ ಮೇಲೆಯೇ ಹೀರೆ ಹಬ್ಬುತ್ತದೆ.

ಹೀರೆಯ ಬಗ್ಗೆ ಒಂದು ದೂರು ಎಲ್ಲ ಕಡೆ ಕೇಳುತ್ತದೆ: ಹೂ ತುಂಬ, ಕಾಯಿ ಇಲ್ಲ. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಮೊದಲ ಕೆಲವು ದಿನ ಗಂಡು ಹೂಗಳೇ ಅರಳಿ ಉದುರುತ್ತವೆ, ಅದು ರೋಗವಲ್ಲ. ಹೆಣ್ಣು ಹೂವಿನ ಬುಡದಲ್ಲಿ ಬೆರಳುದ್ದದ ಎಳೆಗಾಯಿ ಮೊದಲೇ ಇರುತ್ತದೆ. ಹೀರೆ ಅರಳುವುದು ಸಂಜೆ, ಬಿಸಿಲು ಇಳಿದ ಮೇಲೆ. ದುಂಬಿ, ಪತಂಗ ಸುಳಿಯದಿದ್ದರೆ ಎಳೆಗಾಯಿ ಹಳದಿಯಾಗಿ ಬಾಡುತ್ತದೆ. ಆಗ ಒಂದು ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಿಚಿ, ಅದರ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿದರೆ ಕಾಯಿ ನಿಲ್ಲುತ್ತದೆ.

ಹುಳದ ಕಾಟ ಎರಡು ಮಡಿಯಲ್ಲಿ ಕೈಯಿಂದಲೇ ನಿಭಾಯಿಸುವಂಥದ್ದು. ಬದನೆಯ ಒಂದು ಕುಡಿ ಮಾತ್ರ ಬಾಡಿ ಜೋತುಬಿದ್ದರೆ ಅದನ್ನು ಚಿವುಟಿ ಸೀಳಿ ನೋಡಬೇಕು, ಒಳಗೆ ನಸುಗೆಂಪು ಬಣ್ಣದ ಮರಿಹುಳ ಇರುತ್ತದೆ. ಕುಡಿ ಬಾಡಿದ ದಿನವೇ ತೆಗೆದರೆ ಅದು ಕಾಯಿಗೆ ಇಳಿಯುವುದಿಲ್ಲ. ಹೇನು ಕವಿದರೆ ಬೇವಿನ ಬೀಜ ಕುಟ್ಟಿ, ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಕರಗಿಸಿ ಸಂಜೆ ಎಲೆಯ ಅಡಿಗೆ ಸಿಂಪಡಿಸಬೇಕು. ಬೆಂಡೆಯ ಎಲೆಯಲ್ಲಿ ಹಳದಿ ನರದ ಬಲೆ ಕಂಡರೆ ಅದು ಬಿಳಿನೊಣ ಹರಡುವ ವೈರಸ್ಸು, ಔಷಧಿ ಇಲ್ಲ, ಗಿಡವನ್ನೇ ಕಿತ್ತು ಸುಡಬೇಕು.

ಚವಳಿಕಾಯಿ ಮುಗಿದ ಮೇಲೆ ಗಿಡವನ್ನು ಎಳೆದು ಎಸೆಯುವುದು ನಷ್ಟ. ಒಂದೇ ಒಂದನ್ನು ನಿಧಾನವಾಗಿ ಅಗೆದು ತೊಳೆದರೆ ಬೇರಿಗೆ ಸಣ್ಣ ಗಂಟುಗಳು ಅಂಟಿರುವುದು ಕಾಣುತ್ತದೆ. ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಅಲ್ಲಿ ರೈಜೋಬಿಯಂ ಸೂಕ್ಷ್ಮಾಣುಗಳು ಗಾಳಿಯ ಸಾರಜನಕ ಹಿಡಿಯುತ್ತಿವೆ ಎಂದರ್ಥ. ಉಳಿದ ಗಿಡಗಳನ್ನು ನೆಲಮಟ್ಟಕ್ಕೆ ಕೊಯ್ದು ಬೇರನ್ನು ಮಣ್ಣಲ್ಲೇ ಬಿಟ್ಟರೆ ಮುಂದಿನ ಸರದಿಯ ಬದನೆಗೆ ಅದೇ ಗೊಬ್ಬರ.

ಮಾರ್ಚ್ ಕಳೆದ ಮೇಲೆ ತಪ್ಪಲುಪಲ್ಲೆ ಬೇಗ ಹೂವಿಗೆ ಬರುತ್ತದೆ, ಕಹಿಯಾಗುತ್ತದೆ. ಆಗ ಒಂದು ಮಡಿಯನ್ನು ಬೆಂಡೆ, ಚವಳಿಗೆ ಬಿಟ್ಟು ಇನ್ನೊಂದನ್ನು ಖಾಲಿ ಬಿಡುವುದೇ ಜಾಣತನ. ಬಿಸಿಲಿಗೆ ಬಿರಿದ ಎರೆಮಣ್ಣು ಮುಂದಿನ ಮಳೆಗೆ ತನ್ನಷ್ಟಕ್ಕೇ ಸಡಿಲವಾಗುತ್ತದೆ. ಬೀಜಕ್ಕೆಂದು ಬಳ್ಳಿಯಲ್ಲೇ ಬಿಟ್ಟ ಒಂದು ಹೀರೆಕಾಯಿ ಅಷ್ಟರಲ್ಲಿ ಒಣಗಿ ಹಗುರಾಗಿರುತ್ತದೆ. ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆ. ತುದಿಯ ಮುಚ್ಚಳ ಕಳಚಿ ತಲೆಕೆಳಗೆ ಹಿಡಿದರೆ ಕರಿ ಬೀಜಗಳು ಉದುರುತ್ತವೆ. ಮಣ್ಣಿಗೆ ಬೇಡವಾದ ಒಲೆಯ ಬೂದಿ ಈಗ ಕೆಲಸಕ್ಕೆ ಬರುತ್ತದೆ: ಒಣಗಿದ ಬೀಜವನ್ನು ಅದರಲ್ಲಿ ಕಲಸಿ ಡಬ್ಬಿಗೆ ತುಂಬಿದರೆ ತೇವ ತಾಕದು, ಹುಳ ಬೀಳದು.